ಸಹೋದ್ಯೋಗಿಯೊಡನೆ ಇಮೇಲ್ ಜಗಳ: ಮೊದಲ ಉತ್ತರದಿಂದ ವಿಚಾರಣೆಯವರೆಗೆ ಏನು ಮಾಡಬೇಕು

2005ರಲ್ಲಿ ಸಿಡ್ನಿಯ ಒಂದು ದೊಡ್ಡ ಕಾನೂನು ಸಂಸ್ಥೆಯಲ್ಲಿ ಇಬ್ಬರು ಮಹಿಳಾ ಸಿಬ್ಬಂದಿ ಕೆಲಸ ಕಳೆದುಕೊಂಡರು. ಆಫೀಸಿನ ಫ್ರಿಜ್‌ನಲ್ಲಿ ಇಟ್ಟಿದ್ದ ಊಟದ ಸಾಮಾನು ಕಾಣೆಯಾಗಿದೆ ಎಂದು ಒಬ್ಬರು ಮೇಲ್ ಕಳಿಸಿದರು, ಇನ್ನೊಬ್ಬರು ಅದಕ್ಕೆ ಉತ್ತರಿಸಿದರು. ಮಾತಿಗೆ ಮಾತು ಬೆಳೆದು ಕೂದಲಿನ ಬಣ್ಣ, ಗೆಳೆಯರ ವಿಷಯದವರೆಗೂ ಹೋಯಿತು. ಯಾರೋ ಅದನ್ನು ಫಾರ್ವರ್ಡ್ ಮಾಡಿದರು. ಸ್ವಲ್ಪ ಹೊತ್ತಿನಲ್ಲೇ ಊರಿನ ಬೇರೆ ಬೇರೆ ಕಚೇರಿಗಳಲ್ಲಿ ಜನ ಅದನ್ನು ಓದುತ್ತಿದ್ದರು. ಫಾರ್ವರ್ಡ್ ಮಾಡಿದವರ ಮೇಲೂ ಸಂಸ್ಥೆ ಕ್ರಮ ತೆಗೆದುಕೊಂಡಿತು.

ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಚೇರಿಗಳಲ್ಲಿ ಜಗಳದ ಕಾರಣಗಳು ಬೇರೆ: ತಡವಾದ ವರದಿ, ಕ್ಲೈಂಟ್ ಮುಂದೆ ತೆಗೆದ ಮರ್ಯಾದೆ, ಒಬ್ಬರು ಮಾಡಿದ ಕೆಲಸಕ್ಕೆ ಇನ್ನೊಬ್ಬರಿಗೆ ಸಿಕ್ಕ ಹೆಸರು, ಮಂಜೂರಾಗದ ರಜೆ. ಆದರೆ ಕೆಲಸಕ್ಕೆ ಕುತ್ತು ಬರುವ ರೀತಿ ಎಲ್ಲ ಕಡೆಯೂ ಒಂದೇ. ಎದುರಾಎದುರು ಆಡಿದ ಮಾತಿಗೆ ಸಾಕ್ಷಿ ಹುಡುಕಬೇಕಾಗುತ್ತದೆ, ಮೇಲ್ ತಾನೇ ಸಾಕ್ಷಿ. ದಿನಾಂಕ, ಗಂಟೆ, ನಿಮಿಷ, ಯಾರು ಯಾರಿಗೆ ಬರೆದರು, ಎಲ್ಲವೂ ಕಂಪನಿಯ ಸರ್ವರ್‌ನಲ್ಲಿ ಉಳಿದಿರುತ್ತದೆ.

ಇಂಥ ಥ್ರೆಡ್ (ಒಂದೇ ವಿಷಯದ ಮೇಲ್‌ಗಳ ಸರಣಿ) ಎಚ್‌ಆರ್ ಕೈಗೆ ಹೋದಾಗ ಮೊದಲು ಕೆಣಕಿದವರು ಯಾರು ಎಂಬುದಕ್ಕಿಂತ, ಎರಡನೇ ಸಲ, ಮೂರನೇ ಸಲ ಉತ್ತರಿಸಿದವರು ಯಾರು ಎಂಬುದು ಹೆಚ್ಚು ತೂಗುತ್ತದೆ. ಕೆಣಕಿದವರದು ಒಂದು ತಪ್ಪಾದರೆ, ಬಿಡದೆ ಉತ್ತರಿಸಿದವರನ್ನೂ ಅದೇ ತಕ್ಕಡಿಗೆ ಹಾಕುತ್ತಾರೆ. ನ್ಯಾಯ ನಿಮ್ಮ ಕಡೆ ಇದ್ದರೂ ಎರಡನೇ ಖಾರದ ಮೇಲ್ ಹೋದ ಮೇಲೆ ದಾಖಲೆಯಲ್ಲಿ ಅದು ‘ಇಬ್ಬರ ಜಗಳ’ ಆಗಿಬಿಡುತ್ತದೆ. ಈ ಲೇಖನದ ಎಲ್ಲ ಸಲಹೆಗಳ ಹಿಂದೆ ಇರುವುದು ಇದೇ ಕಾರಣ.

ಸಿಟ್ಟಿನ ಮೇಲ್ ಬಂದ ಮೊದಲ ಗಂಟೆ

ಮೊಬೈಲಿನಲ್ಲಿ ಉತ್ತರಿಸಬೇಡಿ. ಚಿಕ್ಕ ಪರದೆಯಲ್ಲಿ ಸಿಸಿಯಲ್ಲಿ ಇರುವ ಎಲ್ಲರ ಹೆಸರು ಕಾಣುವುದಿಲ್ಲ, ಥ್ರೆಡ್‌ನ ಹಳೆಯ ಭಾಗ ಮಡಚಿಕೊಂಡಿರುತ್ತದೆ, ರಿಪ್ಲೈ ಒತ್ತಲು ಹೋಗಿ ರಿಪ್ಲೈ ಆಲ್ ಒತ್ತುವುದೂ ಉಂಟು. ಕಂಪ್ಯೂಟರ್ ಮುಂದೆ ಕೂತು ಇಡೀ ಥ್ರೆಡ್ಡನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಓದಿ. ಸಿಟ್ಟು ಬರಿಸಿದ ಸಾಲಿನ ಪಕ್ಕದಲ್ಲೇ ನೀವು ಉತ್ತರ ಕೊಡಬೇಕಾದ ನ್ಯಾಯವಾದ ಪ್ರಶ್ನೆಯೊಂದು ಎಷ್ಟೋ ಸಲ ಇರುತ್ತದೆ. ಅದನ್ನು ಬಿಟ್ಟು ಅವಮಾನಕ್ಕೆ ಮಾತ್ರ ಉತ್ತರ ಕೊಟ್ಟರೆ ನಾಳೆ ‘ಕೆಲಸದ ಪ್ರಶ್ನೆಗೆ ಉತ್ತರಿಸಲಿಲ್ಲ’ ಎಂಬ ಮಾತೂ ಸೇರಿಕೊಳ್ಳುತ್ತದೆ.

ಮನಸ್ಸಿನಲ್ಲಿ ಇರುವುದನ್ನೆಲ್ಲ ಬರೆದು ಹಗುರಾಗಬೇಕು ಅನಿಸಿದರೆ ಕಾಗದದ ಮೇಲೆ ಬರೆದು ಹರಿದು ಹಾಕಿ. ಕಂಪನಿಯ ಮೇಲ್‌ನಲ್ಲಿ ಬೇಡ, ಏಕೆಂದರೆ ಡ್ರಾಫ್ಟ್ ಕೂಡ ಸರ್ವರ್‌ಗೆ ಹೋಗಿ ಕೂರುತ್ತದೆ. ಕಳಿಸಬೇಕಾದ ಉತ್ತರವನ್ನು ಸಿದ್ಧಪಡಿಸುವಾಗಲೂ ‘ಟು’, ‘ಸಿಸಿ’ ಎರಡೂ ಜಾಗಗಳನ್ನು ಖಾಲಿ ಬಿಡಿ. ಕೈ ತಪ್ಪಿ ಸೆಂಡ್ ಒತ್ತಿದರೂ ಹೋಗುವುದಿಲ್ಲ.

ಈಗಲೇ ಬದಲಿಸಿಕೊಳ್ಳಬೇಕಾದ ಎರಡು ಸೆಟ್ಟಿಂಗ್‌ಗಳಿವೆ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಜನರಲ್ ಎಂಬಲ್ಲಿ ‘ಅನ್‌ಡು ಸೆಂಡ್’ ಇದೆ. ತಾನಾಗಿ ಇರುವ 5 ಸೆಕೆಂಡನ್ನು 30 ಸೆಕೆಂಡಿಗೆ ಏರಿಸಿ. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ರೂಲ್ಸ್‌ಗೆ ಹೋಗಿ, ಕಳಿಸಿದ ಪ್ರತಿ ಮೇಲ್ ಕೆಲವು ನಿಮಿಷ ತಡೆದು ಹೋಗುವಂತೆ ಮಾಡಬಹುದು. 120 ನಿಮಿಷದವರೆಗೂ ಅವಕಾಶವಿದೆ, 5 ನಿಮಿಷ ಇಟ್ಟರೂ ಸಾಕು. ಔಟ್‌ಲುಕ್‌ನ ‘ರೀಕಾಲ್’ ಅನ್ನು ನಂಬಿಕೊಳ್ಳಬೇಡಿ. ಅದು ಒಂದೇ ಸಂಸ್ಥೆಯ ಒಳಗೆ ಮಾತ್ರ ಕೆಲಸ ಮಾಡುತ್ತದೆ, ಹೊರಗಿನ ಕ್ಲೈಂಟ್‌ಗೆ ಹೋದ ಮೇಲ್ ವಾಪಸ್ ಬರುವುದಿಲ್ಲ. ರೀಕಾಲ್ ಮಾಡಲು ಹೋಗಿದ್ದೇ ಕೆಲವು ಸಲ ಎದುರಿನವರ ಗಮನ ಸೆಳೆದು, ಓದದೇ ಬಿಡುತ್ತಿದ್ದವರೂ ಹುಡುಕಿ ಓದುವಂತಾಗುತ್ತದೆ.

ಒಂದೇ ಉತ್ತರ, ನಾಲ್ಕು ಸಾಲು

ಇಂಥ ಮೇಲ್ ಬಂತು ಎಂದುಕೊಳ್ಳಿ, ಸಿಸಿಯಲ್ಲಿ ಆರು ಜನ: “ನಿಮ್ಮಿಂದಾಗಿ ಈ ಸಲವೂ ಡೆಡ್‌ಲೈನ್ ತಪ್ಪಿತು. ಕೆಲಸ ಬರುವುದಿಲ್ಲ ಎಂದಿದ್ದರೆ ಮೊದಲೇ ಹೇಳಬೇಕಿತ್ತು.”

ಕೈ ಬರೆಯಲು ಹೊರಡುವ ಉತ್ತರ: “ನನಗೆ ಕೆಲಸ ಕಲಿಸುವ ಮುಂಚೆ ನಿಮ್ಮ ಕೆಲಸ ನೀವು ಮಾಡಿ. ನೀವು ಯಾವತ್ತು ಸಮಯಕ್ಕೆ ಡೇಟಾ ಕೊಟ್ಟಿದ್ದೀರಿ? ಇದು ಎಲ್ಲರಿಗೂ ಗೊತ್ತು.”

ಕಳಿಸಬೇಕಾದ ಉತ್ತರ: “ವರದಿ ಶುಕ್ರವಾರ ಸಂಜೆ ತಲುಪಿಲ್ಲ ಎಂಬುದು ನಿಜ. ಅದಕ್ಕೆ ಬೇಕಿದ್ದ ಮಾರಾಟದ ಅಂಕಿಗಳು ನನಗೆ ಶುಕ್ರವಾರ 4.50ಕ್ಕೆ ಸಿಕ್ಕವು, ಆ ಮೇಲ್ ಲಗತ್ತಿಸಿದ್ದೇನೆ. ಸೋಮವಾರ 12 ಗಂಟೆಯೊಳಗೆ ವರದಿ ಕಳಿಸುತ್ತೇನೆ. ಉಳಿದದ್ದನ್ನು ಇವತ್ತು 3 ಗಂಟೆಗೆ ಫೋನಿನಲ್ಲಿ ಮಾತಾಡೋಣ.”

ಮೊದಲ ಸಾಲು ನಡೆದದ್ದನ್ನು ಒಪ್ಪಿಕೊಳ್ಳುತ್ತದೆ, ಎರಡನೆಯದು ಕಾರಣವನ್ನು ದಾಖಲೆಯ ಜೊತೆ ಇಡುತ್ತದೆ, ಮೂರನೆಯದು ಮುಂದಿನ ಕೆಲಸಕ್ಕೆ ಗಡುವು ಹಾಕುತ್ತದೆ, ನಾಲ್ಕನೆಯದು ಮಾತನ್ನು ಮೇಲ್‌ನಿಂದ ಆಚೆ ಒಯ್ಯುತ್ತದೆ. ‘ಕೆಲಸ ಬರುವುದಿಲ್ಲ’ ಎಂಬ ಚುಚ್ಚಿಗೆ ಇಲ್ಲಿ ಉತ್ತರವೇ ಇಲ್ಲ. ಆರು ತಿಂಗಳ ನಂತರ ಈ ಥ್ರೆಡ್ಡನ್ನು ಏನೂ ಗೊತ್ತಿಲ್ಲದ ಮೂರನೆಯವರು ಓದಿದರೆ ಆ ಚುಚ್ಚು ಬರೆದವರ ಹೆಸರಿನಲ್ಲೇ ಉಳಿದಿರುತ್ತದೆ.

‘ಯಾವಾಗಲೂ’, ‘ಯಾವತ್ತೂ’, ‘ಎಲ್ಲರಿಗೂ ಗೊತ್ತು’ ಎಂಬ ಮಾತುಗಳನ್ನು ತೆಗೆದುಹಾಕಿ. ಅವನ್ನು ಸಾಬೀತು ಮಾಡಲು ಆಗುವುದಿಲ್ಲ, ವಿಚಾರಣೆಯಲ್ಲಿ ಮೊದಲು ಹಿಡಿಯುವುದೂ ಅವನ್ನೇ. ನಮ್ಮ ಕಚೇರಿ ಇಂಗ್ಲಿಷಿನಲ್ಲಿ ‘ಆ್ಯಸ್ ಪರ್ ಮೈ ಅರ್ಲಿಯರ್ ಮೇಲ್’, ‘ಹೋಪ್ ದಿಸ್ ಈಸ್ ಕ್ಲಿಯರ್ ನೌ’ ಎಂಬಂಥ ಸಾಲುಗಳು ಬರೆದವರಿಗೆ ಸಾದಾ ಅನಿಸಿದರೂ ಓದುವವರಿಗೆ ಕೆನ್ನೆಗೆ ಹೊಡೆದಂತೆ ಕೇಳುತ್ತವೆ. ಅದರ ಬದಲು ಹಳೆಯ ಮೇಲ್‌ನ ದಿನಾಂಕ ಹೇಳಿ ಅದನ್ನೇ ಲಗತ್ತಿಸಿ. ಇಡೀ ವಾಕ್ಯವನ್ನು ದೊಡ್ಡಕ್ಷರದಲ್ಲಿ, ದಪ್ಪಕ್ಷರದಲ್ಲಿ, ಕೆಂಪು ಬಣ್ಣದಲ್ಲಿ ಬರೆಯುವುದು ಬೇಡವೇ ಬೇಡ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಲೆಕ್ಕಪತ್ರ ವಿಭಾಗದ ಒಬ್ಬ ಉದ್ಯೋಗಿಯನ್ನು ಇಂಥ ಮೇಲ್‌ಗಳ ಕಾರಣಕ್ಕೇ 2007ರಲ್ಲಿ ಕೆಲಸದಿಂದ ತೆಗೆದರು. 2009ರಲ್ಲಿ ಅಲ್ಲಿನ ಉದ್ಯೋಗ ಪ್ರಾಧಿಕಾರ ಆ ವಜಾ ನ್ಯಾಯವಲ್ಲ ಎಂದು ಹೇಳಿ 17,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಿಸಿತು. ಮೇಲ್ ಹೇಗೆ ಬರೆಯಬೇಕು ಎಂಬ ನಿಯಮವೇ ಆ ಸಂಸ್ಥೆಯಲ್ಲಿ ಇರಲಿಲ್ಲ. ಗೆದ್ದದ್ದು ನಿಜ, ಆದರೆ ಅಷ್ಟರಲ್ಲಿ ಸುಮಾರು ಎರಡು ವರ್ಷ ಕಳೆದಿತ್ತು.

ಸಿಸಿ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಆರು ಜನರ ಮುಂದೆ ಸುಳ್ಳು ಸಂಗತಿ ಹೇಳಿದ್ದರೆ ಅದೇ ಆರು ಜನರಿಗೆ ಒಮ್ಮೆ, ಸಂಗತಿಯನ್ನಷ್ಟೇ ಸರಿಪಡಿಸಿ. ವೈಯಕ್ತಿಕ ನಿಂದನೆ ಇದ್ದರೆ ಅದರ ಉತ್ತರ ಆರು ಜನರಿಗೆ ಬೇಕಿಲ್ಲ, ಅದನ್ನು ನಿಮ್ಮ ಮ್ಯಾನೇಜರ್ ಗಮನಕ್ಕೆ ಪ್ರತ್ಯೇಕವಾಗಿ ತನ್ನಿ. ಜಗಳದ ನಡುವೆ ಮೇಲಧಿಕಾರಿಯ ಮೇಲಧಿಕಾರಿಯನ್ನು ಹೊಸದಾಗಿ ಸಿಸಿಗೆ ಸೇರಿಸಿದರೆ ನಿಮ್ಮ ಮಾತು ಎಷ್ಟೇ ತಣ್ಣಗಿದ್ದರೂ ಬೆದರಿಕೆಯಂತೆ ಓದಿಸಿಕೊಳ್ಳುತ್ತದೆ. ಬಿಸಿಸಿ ಇನ್ನೂ ಅಪಾಯದ್ದು. ಗುಟ್ಟಾಗಿ ಸೇರಿಸಿದವರು ಮರೆತು ರಿಪ್ಲೈ ಆಲ್ ಒತ್ತಿದರೆ ನೀವು ಗುಟ್ಟಾಗಿ ಸೇರಿಸಿದ್ದು ಎಲ್ಲರಿಗೂ ಗೊತ್ತಾಗುತ್ತದೆ, ಆಮೇಲೆ ಮೂಲ ವಿಷಯ ಯಾರಿಗೂ ಬೇಡ. ಥ್ರೆಡ್‌ನಲ್ಲಿ ಕ್ಲೈಂಟ್ ಇದ್ದರೆ ಅವರನ್ನು ಬಿಟ್ಟು ಹೊಸ ಥ್ರೆಡ್ ತೆರೆಯಿರಿ. ಕ್ಲೈಂಟ್ ಕಣ್ಣೆದುರು ನಡೆದ ಜಗಳಕ್ಕೆ ‘ಸಂಸ್ಥೆಯ ಹೆಸರು ಕೆಡಿಸಿದರು’ ಎಂಬ ಪ್ರತ್ಯೇಕ ಆರೋಪವೇ ಸೇರುತ್ತದೆ, ಅದರ ಭಾರ ಬೈದಾಟಕ್ಕಿಂತ ಹೆಚ್ಚು.

ಫೋನಿನಲ್ಲಿ ಮಾತಾಡಿ ಆದ ಮೇಲೆ ಅವತ್ತೇ ಎರಡು ಸಾಲಿನ ಮೇಲ್ ಕಳಿಸಿ: “ಈಗ ಮಾತಾಡಿದಂತೆ, ಮುಂದಿನ ತಿಂಗಳಿಂದ ಅಂಕಿಗಳು ಗುರುವಾರ ಸಂಜೆಯೊಳಗೆ ನನಗೆ ಬರುತ್ತವೆ, ವರದಿ ಶುಕ್ರವಾರ 5ಕ್ಕೆ ಹೋಗುತ್ತದೆ.” ಎದುರಿನವರು ಮತ್ತೆ ಖಾರವಾಗಿ ಬರೆದರೆ ಉತ್ತರಿಸಬೇಡಿ, ಥ್ರೆಡ್ಡನ್ನು ಮ್ಯಾನೇಜರ್‌ಗೆ ಕೊಟ್ಟು ‘ಇದನ್ನು ನೀವು ನೋಡಿ’ ಎನ್ನಿ. ವಾಟ್ಸಾಪ್ ಗುಂಪು, ಟೀಮ್ಸ್, ಸ್ಲ್ಯಾಕ್‌ನಲ್ಲಿ ಜಗಳ ಮುಂದುವರಿಸಿದರೂ ಅದು ಕಚೇರಿಯ ಜಗಳವೇ.

ಇವು ಜಗಳವಲ್ಲ, ಬೇರೆ ದಾರಿ ಹಿಡಿಯಬೇಕು

ಕೆಲವು ಮೇಲ್‌ಗಳಿಗೆ ಮೇಲಿನ ನಾಲ್ಕು ಸಾಲಿನ ಉತ್ತರವೂ ಸಲ್ಲದು. ಲೈಂಗಿಕ ಧಾಟಿಯ ಮಾತು, ಚಿತ್ರ, ಜೋಕು ಬಂದರೆ ಅದು ಇಬ್ಬರು ಸಹೋದ್ಯೋಗಿಗಳ ಮನಸ್ತಾಪವಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ 10 ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಮೇಲ್‌ಗಳು ಸರಣಿಯಾಗಿ ಬಂದಿದ್ದರೆ ಕೊನೆಯದರಿಂದ ಲೆಕ್ಕ. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ದೂರು ಕೊಟ್ಟವರ, ಆರೋಪಿಯ ಗುರುತನ್ನು ಹೊರಗೆ ಹೇಳುವಂತಿಲ್ಲ. ಆದ್ದರಿಂದ ‘ನೋಡಿ ಇವರು ಏನು ಬರೆದಿದ್ದಾರೆ’ ಎಂದು ತಂಡಕ್ಕೆಲ್ಲ ಫಾರ್ವರ್ಡ್ ಮಾಡಬೇಡಿ, ದೂರು ನಿಮ್ಮದೇ ಆಗಿದ್ದರೂ ಸರಿ.

ಜಾತಿ ಹಿಡಿದು ಹೀಯಾಳಿಸಿದ್ದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯಿದೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿ. ಜೀವಬೆದರಿಕೆ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ ಇದೆ. ನಿಮ್ಮ ಪಾಸ್‌ವರ್ಡ್ ಬಳಸಿ ನಿಮ್ಮ ಹೆಸರಿನಲ್ಲಿ ಬೇರೆಯವರು ಮೇಲ್ ಕಳಿಸಿದ್ದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಸೆಕ್ಷನ್‌ನಂತೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಅಂಥ ಸಂದೇಹ ಬಂದ ಕ್ಷಣವೇ ಪಾಸ್‌ವರ್ಡ್ ಬದಲಿಸಿ ಐಟಿ ವಿಭಾಗಕ್ಕೆ ಬರೆದು ತಿಳಿಸಿ, ಲಾಗಿನ್ ದಾಖಲೆ ಉಳಿಸಲು ಕೇಳಿ. ಒಂದು ವಾರ ಕಾದು ಹೇಳಿದರೆ ನಂಬುವವರು ಕಡಿಮೆ.

ಬರೀ ಒರಟು ಮೇಲ್ ಅಪರಾಧವಲ್ಲ. ‘ಐಟಿ ಆ್ಯಕ್ಟ್‌ನಲ್ಲಿ ಕೇಸ್ ಹಾಕಿಸ್ತೀನಿ’ ಎಂದು ಹೆದರಿಸುವವರು ಈಗಲೂ ಇದ್ದಾರೆ. ಅವರ ಮನಸ್ಸಿನಲ್ಲಿ ಇರುವ, ಕಿರಿಕಿರಿಯ ಸಂದೇಶ ಕಳಿಸುವುದನ್ನು ಅಪರಾಧ ಎನ್ನುತ್ತಿದ್ದ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಕೆಲಸದ ವಿಷಯದಲ್ಲಿ ಮೇಲಧಿಕಾರಿ ಗದರಿದ್ದನ್ನು ಕ್ರಿಮಿನಲ್ ಅವಮಾನ ಎನ್ನಲಾಗದು ಎಂದು 2025ರ ಫೆಬ್ರವರಿಯಲ್ಲಿ ಅದೇ ಕೋರ್ಟ್ ಹೇಳಿದೆ. ಆದರೆ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು ಮೇಲ್‌ನಲ್ಲಿ ಬರೆದದ್ದಾದರೂ ಅಪರಾಧವಾಗಬಹುದು ಎಂದು 2024ರಲ್ಲಿ ಬಾಂಬೆ ಹೈಕೋರ್ಟ್ ಹೇಳಿರುವುದನ್ನೂ ನೆನಪಿಡಿ.

ದಾಖಲೆ ಉಳಿಸಿಕೊಳ್ಳುವುದು: ಇಲ್ಲೇ ಕೆಲಸ ಹೋಗುವುದುಂಟು

ಬೈಗುಳದ ಮೇಲ್ ಬಂದ ತಕ್ಷಣ ಎಲ್ಲವನ್ನೂ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಿಕೊಳ್ಳುವುದು ಸಾಮಾನ್ಯ. ದಯವಿಟ್ಟು ಮಾಡಬೇಡಿ. ಥ್ರೆಡ್‌ನಲ್ಲಿ ಕ್ಲೈಂಟ್ ಹೆಸರು, ಬೆಲೆ, ಗ್ರಾಹಕರ ವಿವರ ಇದ್ದೇ ಇರುತ್ತದೆ. ಮಾಹಿತಿ ಸೋರಿಕೆ ಹಿಡಿಯುವ ತಂತ್ರಾಂಶ ಅದನ್ನು ಗುರುತಿಸಿ ಭದ್ರತಾ ತಂಡಕ್ಕೆ ಎಚ್ಚರಿಕೆ ಕಳಿಸುತ್ತದೆ. ಬೈಸಿಕೊಂಡವರು ನೀವೇ ಆಗಿದ್ದರೂ ಗೌಪ್ಯತೆ ಮುರಿದ ಆರೋಪ ನಿಮ್ಮ ಮೇಲೆ ಬರುತ್ತದೆ. ಎಚ್ಚರಿಕೆ ಪತ್ರದಲ್ಲಿ ಮುಗಿಯಬಹುದಾಗಿದ್ದ ಜಗಳ ಇದರಿಂದ ವಜಾವರೆಗೆ ಹೋಗಬಹುದು.

ಸುರಕ್ಷಿತ ಕ್ರಮ ಹೀಗಿದೆ.

1. ಒಂದು ಪುಸ್ತಕದಲ್ಲಿ ಪ್ರತಿ ಮೇಲ್‌ನ ದಿನಾಂಕ, ಸಮಯ, ಸಬ್ಜೆಕ್ಟ್ ಸಾಲು, ಕಳಿಸಿದವರು, ಸಿಸಿಯಲ್ಲಿದ್ದವರು, ಆಕ್ಷೇಪದ ಮಾತು ಇಷ್ಟನ್ನು ಕೈಯಲ್ಲಿ ಬರೆದುಕೊಳ್ಳಿ. ಕ್ಲೈಂಟ್ ವಿವರ ಬೇಡ.

2. ಮೂಲ ಮೇಲ್‌ಗಳನ್ನು ಅಳಿಸದೆ ಕಂಪನಿಯ ಮೇಲ್ ಪೆಟ್ಟಿಗೆಯೊಳಗೇ ಒಂದು ಫೋಲ್ಡರ್ ಮಾಡಿ ಇಡಿ. ಥ್ರೆಡ್‌ನ ಕೊನೆಯ ಮೇಲ್ ಒಂದೇ ಇದ್ದರೆ ಸಾಲದು. ಕೆಳಗೆ ಉಲ್ಲೇಖವಾಗಿ ಬರುವ ಹಳೆಯ ಪಠ್ಯವನ್ನು ಉತ್ತರಿಸುವವರು ತಿದ್ದಲು ಸಾಧ್ಯ. ಪ್ರತಿ ಮೇಲ್‌ನ ಮೂಲ ಬೇಕು.

3. ಎಚ್‌ಆರ್‌ಗೆ ಒಂದು ಸಾಲು ಬರೆಯಿರಿ: “ಇಂಥ ದಿನಾಂಕಗಳ ನಡುವಿನ ಇಂಥ ಸಬ್ಜೆಕ್ಟ್‌ನ ಮೇಲ್‌ಗಳನ್ನು ವಿಚಾರಣೆಗಾಗಿ ಸರ್ವರ್‌ನಲ್ಲಿ ಉಳಿಸಿಡಲು ಕೋರುತ್ತೇನೆ.” ಅಳಿಸಿದ ಮೇಲ್ ಶಾಶ್ವತವಾಗಿ ಉಳಿಯುವುದಿಲ್ಲ. ಕಂಪನಿ ಗೂಗಲ್ ವರ್ಕ್‌ಸ್ಪೇಸ್ ಬಳಸುತ್ತಿದ್ದರೆ ಕಸದ ಪೆಟ್ಟಿಗೆಯಲ್ಲಿ 30 ದಿನ, ಆಮೇಲೆ ಅಡ್ಮಿನ್ ವಾಪಸ್ ತರಬಹುದಾದದ್ದು 25 ದಿನ. ಬೇರೆ ವ್ಯವಸ್ಥೆ ಮಾಡಿಕೊಂಡಿರದಿದ್ದರೆ ಅಲ್ಲಿಗೆ ಮುಗಿಯಿತು.

4. ಪ್ರತಿ ಬೇಕಾದರೆ ಬರಹದಲ್ಲಿ ಅನುಮತಿ ಕೇಳಿ ತೆಗೆದುಕೊಳ್ಳಿ. ಸ್ಕ್ರೀನ್‌ಶಾಟ್‌ಗಿಂತ ಹೆಡರ್ (ಮೇಲ್ ಯಾರಿಂದ, ಯಾವಾಗ, ಯಾವ ದಾರಿಯಲ್ಲಿ ಬಂತು ಎಂಬ ತಾಂತ್ರಿಕ ವಿವರ) ಸಮೇತ ಇರುವ ಮೂಲ ಫೈಲು ಗಟ್ಟಿ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಅದು ಸಿಗುತ್ತದೆ. ಹೆಡರ್‌ನ ಸಮಯ ಅಂತರರಾಷ್ಟ್ರೀಯ ಗಡಿಯಾರದಲ್ಲಿ ಇರಬಹುದು. ನಮ್ಮ ರಾತ್ರಿ 11.40 ಅಲ್ಲಿ 18.10 ಎಂದು ಕಾಣುತ್ತದೆ. ಐದೂವರೆ ಗಂಟೆ ಸೇರಿಸದೆ ದೂರಿನಲ್ಲಿ ಬರೆದರೆ ‘ಸಮಯವೇ ತಪ್ಪು’ ಎಂದು ಎದುರಿನವರು ಹಿಡಿಯುತ್ತಾರೆ.

ಮುಂದೆ ನ್ಯಾಯಾಲಯದವರೆಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಸೆಕ್ಷನ್‌ನಂತೆ ಮೇಲ್‌ನ ಜೊತೆ ಪ್ರಮಾಣಪತ್ರ ಬೇಕು. ಕಂಪನಿಯ ಒಳವಿಚಾರಣೆಗೆ ಅಷ್ಟು ಕಟ್ಟುನಿಟ್ಟಿನ ಸಾಕ್ಷ್ಯ ನಿಯಮ ಇಲ್ಲ.

ಎಚ್‌ಆರ್‌ಗೆ ದೂರು ಬರೆಯುವಾಗ ಒಂದು ಪುಟ ಮೀರಬೇಡಿ. ದಿನಾಂಕದ ಕ್ರಮದಲ್ಲಿ ಸಂಗತಿಗಳು, ಅವರ ಮಾತು ಇದ್ದ ಹಾಗೆ, ಅದರಿಂದ ಕೆಲಸಕ್ಕೆ ಆದ ತೊಂದರೆ, ನಿಮಗೆ ಏನು ಬೇಕು. ಕೊನೆಯದನ್ನು ಬಹಳ ಜನ ಬರೆಯುವುದೇ ಇಲ್ಲ. ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದರೆ ಯಾರೂ ಏನೂ ಮಾಡಬೇಕಿಲ್ಲ. ‘ಮ್ಯಾನೇಜರ್ ಸಮ್ಮುಖದಲ್ಲಿ ಮಾತುಕತೆ ಬೇಕು’, ‘ಈ ಪ್ರಾಜೆಕ್ಟ್‌ನಲ್ಲಿ ನನಗೆ ಬೇರೆಯವರಿಗೆ ವರದಿ ಮಾಡುವ ವ್ಯವಸ್ಥೆ ಬೇಕು’ ಎಂದು ಬರೆಯಿರಿ. ನಿಮ್ಮ ಕಡೆಯಿಂದ ಹೋದ ಒಂದು ಖಾರದ ಮೇಲ್ ಇದ್ದರೆ ಅದನ್ನೂ ನೀವೇ ಸೇರಿಸಿ. ಹೇಗೂ ಅದು ಅವರಿಗೆ ಸಿಗುತ್ತದೆ, ಮುಚ್ಚಿಟ್ಟದ್ದು ಗೊತ್ತಾದರೆ ಉಳಿದ ಮಾತಿಗೂ ಬೆಲೆ ಇರುವುದಿಲ್ಲ. 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿಯೂ ಇರಬೇಕು, ಎಚ್‌ಆರ್ ಸುಮ್ಮನಿದ್ದರೆ ಅಲ್ಲಿಗೂ ಹೋಗಬಹುದು.

ಕಾರಣ ಕೇಳಿ ನೋಟಿಸ್ ಬಂದರೆ

ನೋಟಿಸ್‌ನಲ್ಲಿ ಉತ್ತರಕ್ಕೆ ಕೊಟ್ಟ ಗಡುವು ಎರಡು ದಿನವೂ ಇರಬಹುದು, ಏಳು ದಿನವೂ ಇರಬಹುದು. ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ, ‘ಉತ್ತರವಿಲ್ಲ, ಆದ್ದರಿಂದ ಒಪ್ಪಿದ್ದಾರೆ’ ಎಂದು ಮುಂದೆ ಹೋಗುತ್ತಾರೆ. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಬರಹದಲ್ಲಿ ಕಾಲಾವಕಾಶ ಕೇಳಿ. ಅದೇ ಪತ್ರದಲ್ಲಿ, ನಿಮ್ಮ ಮೇಲಿನ ಆರೋಪಕ್ಕೆ ಆಧಾರವಾದ ಮೇಲ್‌ಗಳ ಪೂರ್ಣ ಥ್ರೆಡ್ ಮತ್ತು ದೂರಿನ ಪ್ರತಿ ಕೇಳಿ. ನಿಮ್ಮ ಒಂದು ಸಾಲನ್ನಷ್ಟೇ ಕಿತ್ತು ನೋಟಿಸ್‌ನಲ್ಲಿ ಹಾಕಿರುತ್ತಾರೆ, ಅದರ ಹಿಂದಿನ ಐದು ಮೇಲ್‌ಗಳು ದಾಖಲೆಗೆ ಬರಬೇಕಾದರೆ ನೀವೇ ಕೇಳಬೇಕು.

ಉತ್ತರವನ್ನು ನೋಟಿಸ್‌ನ ಪ್ಯಾರಾ ಸಂಖ್ಯೆ ಹಿಡಿದು ಬರೆಯಿರಿ. ಬರೆದದ್ದನ್ನು ಬರೆದಿಲ್ಲ ಎನ್ನಬೇಡಿ, ಸರ್ವರ್ ಸುಳ್ಳು ಹೇಳುವುದಿಲ್ಲ. ಕ್ಷಮೆ ಕೇಳುವುದಾದರೆ ಮಾತಿನ ಧಾಟಿಗೆ ಮಾತ್ರ ಕೇಳಿ, ಸಂಗತಿಯನ್ನು ಬಿಟ್ಟುಕೊಡಬೇಡಿ: “12ನೇ ತಾರೀಖಿನ ನನ್ನ ಮೇಲ್‌ನ ಎರಡನೇ ಸಾಲಿನ ಭಾಷೆ ಸರಿಯಿರಲಿಲ್ಲ, ಅದಕ್ಕೆ ವಿಷಾದಿಸುತ್ತೇನೆ. ಅಂಕಿಗಳು ತಡವಾಗಿ ಬಂದವು ಎಂಬ ನನ್ನ ಮಾತು ದಾಖಲೆಗಳಂತೆ ಸರಿಯಾಗಿದೆ.” ‘ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ’ ಎಂಬುದು ಕ್ಷಮೆಯಾಗಿ ಓದಿಸಿಕೊಳ್ಳುವುದಿಲ್ಲ. ಹಾಗೆಯೇ ‘ಎಲ್ಲ ಆರೋಪಗಳನ್ನೂ ಒಪ್ಪಿ ಕ್ಷಮೆ ಕೋರುತ್ತೇನೆ’ ಎಂದು ಯಾರಾದರೂ ಬರೆಸಿಕೊಳ್ಳಲು ಬಂದರೆ ಸಹಿ ಹಾಕಬೇಡಿ, ಅದಾದ ಮೇಲೆ ವಿಚಾರಣೆಯ ಅಗತ್ಯವೇ ಇಲ್ಲ ಎನ್ನಬಹುದು.

ನೋಟಿಸ್ ಬಂದ ಮೇಲೆ ದೂರು ಕೊಟ್ಟವರನ್ನು ಫೋನಿನಲ್ಲಿಯೋ ಕ್ಯಾಂಟೀನಿನಲ್ಲಿಯೋ ಹಿಡಿದು ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ. ಒಳ್ಳೆಯ ಮನಸ್ಸಿನಿಂದ ಕೇಳಿದರೂ ಸಾಕ್ಷಿಯ ಮೇಲೆ ಒತ್ತಡ ಎಂದು ದಾಖಲಾಗುತ್ತದೆ.

ವಿಚಾರಣೆ ಬಾಕಿ ಇಟ್ಟು ಅಮಾನತು ಮಾಡಿದರೆ ಜೀವನಾಧಾರ ಭತ್ಯೆಯ ಹಕ್ಕು ನೆನಪಿರಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಸ್ಥಾಯಿ ಆದೇಶದ (ಸಂಸ್ಥೆಯ ಸೇವಾ ನಿಯಮಗಳ) ಅಧ್ಯಾಯ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಅನ್ವಯಿಸುತ್ತದೆ. ಅದರಂತೆ ವಿಚಾರಣೆ ಸಾಮಾನ್ಯವಾಗಿ 90 ದಿನದಲ್ಲಿ ಮುಗಿಯಬೇಕು. ಆ 90 ದಿನ ವೇತನದ ಶೇ 50, ತಡ ನಿಮ್ಮಿಂದ ಆಗಿರದಿದ್ದರೆ ಆಮೇಲೆ ಶೇ 75 ಕೊಡಬೇಕು. ಕರ್ನಾಟಕದಲ್ಲಿ ಜೀವನಾಧಾರ ಭತ್ಯೆಗೆಂದೇ 1988ರ ಪ್ರತ್ಯೇಕ ಕಾಯಿದೆಯೂ ಇದೆ. ಅಮಾನತಿನ ಅವಧಿಯಲ್ಲಿ ಬೇರೆ ಕಡೆ ಕೆಲಸಕ್ಕೆ ಸೇರಿದರೆ ಭತ್ಯೆ ಹೋಗುತ್ತದೆ.

ವಿಚಾರಣೆಯಲ್ಲಿ ನೀವು ಕೇಳಿ ಪಡೆಯಬೇಕಾದದ್ದು: ಸ್ಪಷ್ಟವಾದ ಆರೋಪಪಟ್ಟಿ, ದಾಖಲೆಗಳ ಪ್ರತಿ, ಸಾಕ್ಷಿಗಳನ್ನು ಪಾಟಿಸವಾಲು ಮಾಡುವ ಅವಕಾಶ, ನಿಮ್ಮ ಪರ ಸಾಕ್ಷಿ ತರುವ ಅವಕಾಶ. ನೆರವಿಗೆ ಒಬ್ಬ ಸಹೋದ್ಯೋಗಿಯನ್ನು ಕೂರಿಸಿಕೊಳ್ಳಲು ಕೇಳಿ. ದೂರು ಕೊಟ್ಟವರೇ ವಿಚಾರಣಾಧಿಕಾರಿ ಆಗುವಂತಿಲ್ಲ. ಆಕ್ಷೇಪವಿದ್ದರೆ ಮೊದಲ ದಿನವೇ ಬರೆದುಕೊಡಿ. ಪ್ರತಿ ದಿನದ ನಡಾವಳಿಯನ್ನು ಓದಿದ ಮೇಲೆಯೇ ಸಹಿ ಮಾಡಿ, ತಪ್ಪಿದ್ದರೆ ಸಹಿಯ ಪಕ್ಕದಲ್ಲೇ ಬರೆಯಿರಿ. ವಿಚಾರಣಾ ವರದಿಯ ಪ್ರತಿ ಕೊಟ್ಟು ನಿಮ್ಮ ಮಾತು ಕೇಳದೆ ಶಿಕ್ಷೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1993ರಲ್ಲಿ ಹೇಳಿದೆ.

ಶಿಕ್ಷೆ ಎಷ್ಟಾಗಬಹುದು

ಎಚ್ಚರಿಕೆ ಪತ್ರ, ಇನ್‌ಕ್ರಿಮೆಂಟ್ ತಡೆ, ಬಡ್ತಿಗೆ ತಡೆ, ವರ್ಗ, ಕೊನೆಗೆ ವಜಾ. ಯಾವುದು ಎಂಬುದನ್ನು ತೀರ್ಮಾನಿಸುವುದು ಭಾಷೆ, ಎಷ್ಟು ಸಲ, ಯಾರ ಮುಂದೆ, ಹಿಂದಿನ ನಡತೆ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. 1982ರ ರಮಾಕಾಂತ್ ಮಿಶ್ರಾ ಪ್ರಕರಣದಲ್ಲಿ ಆ ನೌಕರನ 14 ವರ್ಷದ ಸೇವೆಯಲ್ಲಿ ಕಪ್ಪುಚುಕ್ಕೆ ಇರಲಿಲ್ಲ. ಒಮ್ಮೆ ಆಡಿದ ಒರಟು, ಬೆದರಿಕೆಯ ಮಾತಿಗೆ ಕೆಲಸದಿಂದ ತೆಗೆದದ್ದು ಅತಿಯಾಯಿತು ಎಂದ ಕೋರ್ಟು ಎರಡು ಇನ್‌ಕ್ರಿಮೆಂಟ್ ತಡೆದರೆ ಸಾಕು ಎಂದಿತು. 2005ರ ಮಹೀಂದ್ರ ಅಂಡ್ ಮಹೀಂದ್ರ ಪ್ರಕರಣದಲ್ಲಿ ಕೈಕೆಳಗಿನವರ ಎದುರೇ ಮೇಲಧಿಕಾರಿಯನ್ನು ಹೊಲಸು ಮಾತಿನಲ್ಲಿ ಬೈದದ್ದಕ್ಕೆ ವಜಾ ಮಾಡಿದ್ದನ್ನು ಎತ್ತಿಹಿಡಿಯಿತು. ಇವೆರಡೂ ಬಾಯಿಮಾತಿನ ಪ್ರಕರಣಗಳು. ಮೇಲ್‌ಗೆ ಇದೇ ಅಳತೆ ಹಿಡಿದರೆ ಸಿಸಿ ಪಟ್ಟಿಯೇ ‘ಎಲ್ಲರ ಎದುರು’ ಎಂಬುದಕ್ಕೆ ಸಮ.

‘ರಾಜೀನಾಮೆ ಕೊಟ್ಟುಬಿಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡುತ್ತೇವೆ’ ಎಂದು ಎಚ್‌ಆರ್ ಮೀಟಿಂಗ್ ಕೋಣೆಯಲ್ಲಿ ಹೇಳಿದರೆ ಅಲ್ಲೇ ಸಹಿ ಮಾಡಬೇಡಿ. ಒಂದು ದಿನ ಕೇಳಿ. ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ವಜಾಕ್ಕಿಂತ ರಾಜೀನಾಮೆ ಒಳ್ಳೆಯದು, ಹಾಗಾಗಿ ಕೆಲವರಿಗೆ ಇದೇ ಸರಿಯಾದ ದಾರಿ. ಆದರೆ ರಾಜೀನಾಮೆ ಕೊಟ್ಟ ಮೇಲೆ ‘ನನ್ನನ್ನು ತೆಗೆದರು’ ಎಂದು ವಾದಿಸುವುದು ಬಹಳ ಕಷ್ಟ. ಒಪ್ಪುವುದಾದರೆ ನೋಟಿಸ್ ಅವಧಿಯ ಸಂಬಳ, ಉಳಿದ ರಜೆಯ ಹಣ, ಅನುಭವ ಪತ್ರದ ಒಕ್ಕಣೆ, ವಿಚಾರಿಸಿದವರಿಗೆ ಎಚ್‌ಆರ್ ಏನು ಹೇಳುತ್ತದೆ ಎಂಬುದು, ಇಷ್ಟೂ ಮೊದಲು ಬರಹದಲ್ಲಿ ಬರಲಿ. ವೇತನ ಸಂಹಿತೆ, 2019ರಂತೆ ಕೆಲಸ ಬಿಟ್ಟರೂ ತೆಗೆದರೂ ಬಾಕಿ ವೇತನವನ್ನು 2 ಕೆಲಸದ ದಿನಗಳೊಳಗೆ ಕೊಡಬೇಕು. ಭವಿಷ್ಯ ನಿಧಿಯನ್ನು ಕಂಪನಿ ತಡೆಹಿಡಿಯುವಂತಿಲ್ಲ.

ವಜಾ ಆದ ಮೇಲೆ

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961ರ 39ನೇ ಸೆಕ್ಷನ್ ಪ್ರಕಾರ 6 ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್, ಇಲ್ಲವೇ ಅದರ ಸಂಬಳ ಇಲ್ಲದೆ ತೆಗೆಯುವಂತಿಲ್ಲ. ದುರ್ನಡತೆಗಾಗಿ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ‘ನಿಮ್ಮ ಮೇಲ್ ಎಲ್ಲರೂ ನೋಡಿದ್ದಾರೆ, ವಿಚಾರಣೆ ಯಾಕೆ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಇದರ ವಿರುದ್ಧ ಮೇಲ್ಮನವಿಗೂ ಅವಕಾಶವಿದೆ, ಗಡುವು ಚಿಕ್ಕದಾದ್ದರಿಂದ ಆದೇಶ ಕೈಗೆ ಬಂದ ವಾರದಲ್ಲೇ ವಕೀಲರನ್ನೋ ಕಾರ್ಮಿಕ ಇಲಾಖೆಯ ಕಚೇರಿಯನ್ನೋ ಕಾಣಿ.

ಕೈಗಾರಿಕಾ ಸಂಬಂಧಗಳ ಸಂಹಿತೆಯ ದಾರಿ ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಬರುವವರಿಗೆ. ಆಡಳಿತ, ಮ್ಯಾನೇಜರ್ ಕೆಲಸ ಮಾಡುವವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನದ ಮೇಲ್ವಿಚಾರಕರು ಇದರಿಂದ ಹೊರಗೆ. ಆದರೆ ವಿಸಿಟಿಂಗ್ ಕಾರ್ಡ್‌ನಲ್ಲಿ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಹೊರಗಾಗುವುದಿಲ್ಲ, ದಿನವೂ ಏನು ಕೆಲಸ ಮಾಡುತ್ತಿದ್ದಿರಿ ಎಂಬುದನ್ನು ನೋಡುತ್ತಾರೆ. ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ. 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನ್ಯಾಯಮಂಡಳಿಗೆ. ಎಲ್ಲವೂ ವಜಾ ಆದ 2 ವರ್ಷದೊಳಗೆ. ಮ್ಯಾನೇಜರ್ ಹುದ್ದೆಯವರಿಗೆ ಉಳಿಯುವುದು ನೇಮಕಾತಿ ಪತ್ರದ ಷರತ್ತುಗಳು ಮತ್ತು ಸಿವಿಲ್ ನ್ಯಾಯಾಲಯ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಹಣ, ಕೆಲಸ ವಾಪಸ್ ಸಿಗುವುದು ಅಪರೂಪ. ರಾಜ್ಯ ಸರ್ಕಾರಿ ನೌಕರರಿಗೆ ಇವಾವುದೂ ಅಲ್ಲ, 2021ರ ನಡತೆ ನಿಯಮಗಳು ಮತ್ತು 1957ರ ವರ್ಗೀಕರಣ, ನಿಯಂತ್ರಣ, ಮೇಲ್ಮನವಿ ನಿಯಮಗಳಂತೆ ಇಲಾಖಾ ವಿಚಾರಣೆ ನಡೆಯುತ್ತದೆ.

ಸಂಧಾನಾಧಿಕಾರಿಯ ಮುಂದೆ ಹೋಗುವಾಗ ನೇಮಕಾತಿ ಪತ್ರ, ಕೊನೆಯ ಸಂಬಳದ ಚೀಟಿಗಳು, ನೋಟಿಸ್, ನಿಮ್ಮ ಉತ್ತರ, ವಿಚಾರಣಾ ವರದಿ, ವಜಾ ಆದೇಶ ಜೊತೆಗಿರಲಿ. ಹಿಂದಿನ ವರ್ಷಗಳ ಒಳ್ಳೆಯ ಅಪ್ರೈಸಲ್ ಪತ್ರಗಳನ್ನೂ ಇಡಿ, ಶಿಕ್ಷೆ ಅತಿಯಾಯಿತು ಎಂಬ ವಾದಕ್ಕೆ ಅವು ಬೇಕು. ಮೇಲ್‌ಗಳು ನಿಮ್ಮ ಬಳಿ ಇಲ್ಲದಿದ್ದರೆ ಕೈಬರಹದ ಆ ಪುಸ್ತಕ ತೆಗೆದುಕೊಂಡು ಹೋಗಿ. ಅದರಲ್ಲಿರುವ ದಿನಾಂಕ, ಸಮಯ, ಸಬ್ಜೆಕ್ಟ್ ಸಾಲು ಹಿಡಿದು ಮೂಲ ಮೇಲ್‌ಗಳನ್ನು ಹಾಜರುಪಡಿಸಲು ಕಂಪನಿಗೆ ಸೂಚಿಸಬೇಕೆಂದು ಅರ್ಜಿ ಕೊಡಿ, ಉಳಿಸಿಡಲು ಎಚ್‌ಆರ್‌ಗೆ ನೀವು ಬರೆದ ಪತ್ರದ ದಿನಾಂಕವನ್ನೂ ಅದರಲ್ಲಿ ಕಾಣಿಸಿ.